ತೀರ್ಪುಗಾರರು ದಿನಚರಿ ಪುಸ್ತಕ ಓದಲಿ

ಮಾನ್ಯ ಸಂಪಾದಕರೇ,

ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲಿನ ಜ್ವಾಲಾಮುಖಿಗಳು ಸಾಲಾಗಿ ನಿಲ್ಲುತ್ತವೆ. ಅಪ್ಪ ದುಡ್ಡು ಕೊಡುತ್ತಾನೆ, ಅಂಗಡಿಯವನು ಕಟ್ಟಿಕೊಡುತ್ತಾನೆ, ಮಗು ಬಾಯಿಪಾಠ ಒಪ್ಪಿಸುತ್ತದೆ. ಬಹುಮಾನವೂ ಬರುತ್ತದೆ!

1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಆಶಯ ಬೇರೆಯೇ. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಯೊಂದನ್ನು ಹಿಡಿದು, ತಾವೇ ಅಳೆದು, ದಿನಚರಿ ಪುಸ್ತಕದಲ್ಲಿ ತಾವೇ ದಾಖಲಿಸಬೇಕು. ಪಾವಗಡದ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ವಿಷಯ ಹುಡುಕುವ ಕಷ್ಟವಿರಲಿಲ್ಲ. ಕೊಳವೆಬಾವಿ ನೀರಿನ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆಯೇ ಕಂದು ಕಲೆಯಾಗಿ ಕೂತಿತ್ತು.

ಫ್ಲೋರೈಡ್ ಅಳೆಯಲು ನೀರಿಗೆ ಪರೀಕ್ಷಾ ದ್ರಾವಣದ ಹನಿ ಬೆರೆಸಿ, ಬಂದ ಬಣ್ಣವನ್ನು ಬಣ್ಣದ ಪಟ್ಟಿಯೊಂದಿಗೆ ಹೋಲಿಸಬೇಕು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕುದಲ್ಲ. ತಕರಾರು ಹುಟ್ಟಿದ್ದೇ ಇಲ್ಲಿ. ಒಂದೇ ಬಣ್ಣ ಒಬ್ಬನಿಗೆ 1 ಎಂದು ಕಂಡರೆ ಇನ್ನೊಬ್ಬನಿಗೆ 1.5. ಹೆಚ್ಚು ಅಂಕ ತೆಗೆಯುವ ಹುಡುಗ ಹೇಳಿದ್ದನ್ನೇ ಎಲ್ಲರೂ ಬರೆದುಕೊಳ್ಳುತ್ತಿದ್ದಾಗ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ‘ನನಗೆ ಹಾಗೆ ಕಾಣಿಸುತ್ತಿಲ್ಲ’ ಎಂದಳು. ಸ್ವಲ್ಪ ಜಗಳವೂ ಆಯಿತು. ಕೊನೆಗೆ ಮಕ್ಕಳೇ ನಿಯಮ ಮಾಡಿಕೊಂಡರು: ಮೂವರು ಪ್ರತ್ಯೇಕವಾಗಿ ನೋಡಿ, ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆಯುವುದು, ತಾಳೆಯಾಗದಿದ್ದರೆ ಮತ್ತೆ ಪರೀಕ್ಷೆ. ಇದನ್ನು ಪಠ್ಯಪುಸ್ತಕ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ.

ಅದೇ ಹುಡುಗಿ ಮನೆಯಲ್ಲಿ ಅಜ್ಜಿಯೊಡನೆ ವಾದಕ್ಕಿಳಿದಳು. ಕುದಿಸಿದರೆ ನೀರಿನ ಎಲ್ಲ ದೋಷವೂ ಹೋಗುತ್ತದೆ ಎಂಬುದು ಅಜ್ಜಿಯ ನಂಬಿಕೆ. ಹುಡುಗಿ ಕುದಿಸಿದ ನೀರನ್ನೂ ತಂದು ಪರೀಕ್ಷಿಸಿದಳು, ಫ್ಲೋರೈಡ್ ಕಡಿಮೆಯಾಗಿರಲಿಲ್ಲ. ಕುದಿಸಿದರೆ ಸಾಯುವುದು ರೋಗಾಣು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ಅಜ್ಜಿ ಒಪ್ಪಲಿಲ್ಲವಂತೆ, ಅದು ಬೇರೆ ಮಾತು. ಇಷ್ಟನ್ನೂ ತಡವರಿಸದೆ ವಿವರಿಸಿದ ಮಕ್ಕಳಿಗೆ ಒಂದು ಸ್ಪರ್ಧೆಯ ತೀರ್ಪುಗಾರರು ಕೇಳಿದ ಮೊದಲ ಪ್ರಶ್ನೆ: ‘ಮಾಡೆಲ್ ಎಲ್ಲಿ?’

ಹಣವಿಲ್ಲ ಎಂದು ನಾನು ದೂರುತ್ತಿಲ್ಲ. ಇನ್‌ಸ್ಪೈರ್–ಮಾನಕ್ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಹೊಸ ಆಲೋಚನೆ ಕೊಟ್ಟು ಆಯ್ಕೆಯಾದ ವಿದ್ಯಾರ್ಥಿಗೆ 10,000 ರೂಪಾಯಿ ಸಿಗುತ್ತದೆ. ಸಿಗದಿರುವುದು ಸಮಯ. ಎಂಟು, ಒಂಬತ್ತನೇ ತರಗತಿಗಳಲ್ಲಾದರೂ ವಾರಕ್ಕೊಂದು ಪೂರ್ಣ ಮಧ್ಯಾಹ್ನವನ್ನು ಇಂಥ ಕೆಲಸಕ್ಕೆ ಬಿಟ್ಟುಕೊಡಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಭಯ ಒಂಬತ್ತನೇ ತರಗತಿಯವರೆಗೂ ಇಳಿಯುವುದು ಬೇಡ. ತಾಲ್ಲೂಕು ಮಟ್ಟದ ಪ್ರದರ್ಶನಗಳಲ್ಲಿ ಮಾಡೆಲ್‌ಗಿಂತ ದಿನಚರಿ ಪುಸ್ತಕಕ್ಕೇ ಹೆಚ್ಚು ಅಂಕ ಇರಲಿ. ಹೊಡೆದು ಹಾಕಿದ ಅಂಕಿ, ತಾಳೆಯಾಗದ ಅಳತೆ ಇರುವ ಪುಟವನ್ನು ಕಂಡು ಅಂಕ ಕಳೆಯುವವರು ತೀರ್ಪುಗಾರರಾಗಬಾರದು.

ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಬಂದಿದ್ದು, ಹಳ್ಳಿಯ ಮಹಿಳೆಯರಿಗೆ ತರಬೇತಿಯೂ ಸಿಕ್ಕಿದೆ. ಅವರು ಪರೀಕ್ಷೆ ಮಾಡುವ ದಿನ ಹತ್ತಿರದ ಪ್ರೌಢಶಾಲೆಯ ಮಕ್ಕಳನ್ನೂ ಜೊತೆಗೆ ಕರೆಯಲು ಹೊಸ ಅನುದಾನವೇನೂ ಬೇಕಿಲ್ಲ. ಪಂಚಾಯಿತಿಯವರು ಶಾಲೆಗೆ ಒಂದು ಪತ್ರ ಬರೆದರೆ ಸಾಕು.

– ನಿವೃತ್ತ ವಿಜ್ಞಾನ ಶಿಕ್ಷಕ, ಪಾವಗಡ