ಹಾಸನಕ್ಕೆ ಚಿಲ್ಲರ್ ಯಾಕೆ ಅಂತ ಕೇಳಿದ ನಿಮ್ಮ ಟೆಕ್ನಿಕಲ್ ಎಕ್ಸ್‌ಪರ್ಟ್ ಬಗ್ಗೆ ದೂರು

ಕಸ್ಟಮರ್ ಕೇರ್ ಮ್ಯಾನೇಜರ್ ಅವರಿಗೆ,

ವಿಷಯ: ವಾರಂಟಿಯಲ್ಲಿರೋ ಅಕ್ವೇರಿಯಂ ಚಿಲ್ಲರ್ (ಟ್ಯಾಂಕಿನ ನೀರು ತಂಪು ಮಾಡೋ ಮೆಷಿನ್) ರಿಪೇರಿ ಮಾಡದೆ ಕಂಪ್ಲೇಂಟ್ ಟಿಕೆಟ್ ಕ್ಲೋಸ್ ಮಾಡಿರೋದು

ಮಾನ್ಯರೇ,

ನಿನ್ನೆ ಸಂಜೆ ನಿಮ್ಮಿಂದ ಮೆಸೇಜ್ ಬಂತು, ನಿಮ್ಮ ಸಮಸ್ಯೆ ಬಗೆಹರಿದಿದೆ, ದಯವಿಟ್ಟು ರೇಟಿಂಗ್ ಕೊಡಿ ಅಂತ. ಏನು ಬಗೆಹರೀತಪ್ಪಾ ಅಂತ ಮನೇಲಿರೋ ನನ್ನ ಉಪ್ಪುನೀರಿನ ಹವಳದ ಟ್ಯಾಂಕ್ ಹತ್ರ ಹೋಗಿ ನೋಡಿದ್ರೆ ನೀರು 29.6 ಡಿಗ್ರಿ. ನಿಮ್ಮ ಚಿಲ್ಲರ್ ಮಾತ್ರ ತನ್ನ ಪಾಡಿಗೆ 25.2 ಅಂತ ತೋರಿಸ್ಕೊಂಡು ಕೂತಿದೆ. ಫೋನಲ್ಲಿ ಮರ್ಯಾದೆಯಿಂದ ಮಾತಾಡಿ ನೋಡಿದ್ದಾಯ್ತು, ಮೇಲ್ ಹಾಕಿದ್ದಾಯ್ತು, ಅದಕ್ಕೇ ಇದನ್ನ ಬರವಣಿಗೇಲಿ ಕೊಡ್ತಾ ಇದ್ದೀನಿ.

ತೊಂದರೆ ಇಷ್ಟೇ. ಚಿಲ್ಲರ್ ಒಳಗಿನ ಟೆಂಪರೇಚರ್ ಸೆನ್ಸರ್ ಹೋಗಿದೆ. ನೀರು 25 ಇದೆ ಅಂತ ಅದೇ ಅಂದ್ಕೊಂಡಿರೋದ್ರಿಂದ ಕಂಪ್ರೆಸರ್ ಆನ್ ಆಗೋದೇ ಇಲ್ಲ. ಇದು ನನ್ನ ಊಹೆ ಅಲ್ಲ. ಪೈಪ್ ಬಿಚ್ಚಿ ಬಕೆಟ್ಟಲ್ಲಿ ಐಸ್ ನೀರು ಹಾಕಿ ಚಿಲ್ಲರ್ ಮೂಲಕ ಓಡಿಸಿದೆ, 25.2 ತೋರಿಸ್ತು. ಆಮೇಲೆ ಉಗುರು ಬೆಚ್ಚಗಿನ ನೀರು ಓಡಿಸಿದೆ, ಆಗ್ಲೂ 25.2. ಪಕ್ಕದಲ್ಲಿ ಗಾಜಿನ ಥರ್ಮಾಮೀಟರ್ ಒಂದು, ಡಿಜಿಟಲ್ ಒಂದು ಇಟ್ಟು, ಎಲ್ಲಾ ಒಂದೇ ಫ್ರೇಮಲ್ಲಿ ಬರೋ ಹಾಗೆ ವಿಡಿಯೋ ಮಾಡಿ ಕಳಿಸಿದೆ. ಅದಕ್ಕೆ ನಿಮ್ಮವರಿಂದ ಬಂದ ಉತ್ತರ: "ನೋಡಿ ಸಾರ್, ಮೆಷಿನ್ ಎಷ್ಟು ಸ್ಟೇಬಲ್ ಆಗಿದೆ."

ನಿಮ್ಮ ವಾರಂಟಿ ಕಾರ್ಡಲ್ಲಿ ಏನಿದೆ ಅಂತ ನಿಮಗೆ ಗೊತ್ತೇ ಇರುತ್ತೆ, ಅಚ್ಚು ಹಾಕಿಸಿದೋರು ನೀವೇ. ಮನೆಯಿಂದ ಪಿಕಪ್ ಯಾರ ಖರ್ಚು, ಪಾರ್ಟ್ ಸಿಗದಿದ್ರೆ ಏನು ಕೊಡಬೇಕು, ಎಷ್ಟು ದಿನದೊಳಗೆ, ಅದನ್ನೆಲ್ಲಾ ನಾನು ನಿಮಗೆ ಓದಿ ಹೇಳೋ ಅಗತ್ಯ ಇಲ್ಲ.

ಈಗ ಆ ಫೋನ್ ಕಾಲ್ ವಿಷಯಕ್ಕೆ ಬರ್ತೀನಿ. ಮ್ಯೂಸಿಕ್ ಕೇಳ್ಸಿ ಕೇಳ್ಸಿ, ಕಡೆಗೆ "ಸೀನಿಯರ್ ಟೆಕ್ನಿಕಲ್ ಎಕ್ಸ್‌ಪರ್ಟ್‌ಗೆ ಕನೆಕ್ಟ್ ಮಾಡ್ತೀವಿ" ಅಂದ್ರು. ಅವರು ಲೈನಿಗೆ ಬಂದ ತಕ್ಷಣ ಕೇಳಿದ ಮೊದಲನೇ ಪ್ರಶ್ನೆ: "ಯಾವೂರು ಸಾರ್?" ಹಾಸನ ಅಂದೆ. "ಹಾಸನ ಬಡವರ ಊಟಿ ಅಲ್ವಾ ಸಾರ್, ಅಲ್ಲಿ ಚಿಲ್ಲರ್ ಯಾಕೆ ಬೇಕು ನಿಮಗೆ?" ಅಂತ ನಕ್ಕರು. ನಾನೂ ನಕ್ಕೆ, ಪಾಪ ಅಂತ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಒಂದು ಸಲ ಬಂದು ನೋಡಿ, ಅದರ ಮೇಲೆ ಲೈಟು, ರಿಟರ್ನ್ ಪಂಪು, ವೇವ್‌ಮೇಕರ್ ಎಲ್ಲದರ ಶಾಖಾನೂ ನೀರಿಗೇ ಹೋಗುತ್ತೆ ಅಂತ ವಿವರಿಸಿದೆ. "ಮೀನು ಸತ್ತಿದ್ಯಾ ಸಾರ್?" ಅಂದ್ರು. ಇಲ್ಲ, ಕ್ಲೌನ್ ಮೀನು ಎರಡೂ ಚೆನ್ನಾಗಿವೆ, ಕೋರಲ್ ಹೋಗ್ತಾ ಇದೆ ಅಂದೆ. "ಕೋರಲ್ ಅಂದ್ರೆ?" ಹವಳ ಅಂದೆ. "ಹವಳ ಅಂದ್ರೆ ಈ ಉಂಗುರಕ್ಕೆ ಹಾಕ್ತಾರಲ್ಲ, ಅದಾ?" ಉಂಗುರದ್ದು ಬೇರೆ, ಇದು ಜೀವ ಇರೋದು ಅಂದೆ. ಒಂದು ನಿಮಿಷ ಹೋಲ್ಡಲ್ಲಿ ಇಟ್ರು. ವಾಪಸ್ ಬಂದು "ಅದು ಕಲ್ಲು ಸಾರ್, ನಮ್ಮ ಆಫೀಸ್ ಟ್ಯಾಂಕಲ್ಲೂ ಇದೆ, ಪಿಂಕ್ ಕಲರ್, ಬ್ರಷ್ ಹಾಕಿ ತೊಳೀತೀವಿ, ಏನೂ ಆಗಿಲ್ಲ" ಅಂದ್ರು.

ಸ್ವಾಮಿ, ಬೇಲೂರು ಹಳೇಬೀಡು ಪಕ್ಕದಲ್ಲೇ ಹುಟ್ಟಿ ಬೆಳೆದೋನು ನಾನು. ಕಲ್ಲು ಯಾವುದು ಅಂತ ಗೊತ್ತು ನನಗೆ.

ಆದ್ರೂ ತಾಳ್ಮೆ ತಗೊಂಡು ಹೇಳಿದೆ. ಹವಳದ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿ ಇರುತ್ತೆ, ಝೂಕ್ಸಾಂಥೆಲ್ಲೆ ಅಂತಾರೆ, ಬೆಳಕಿಂದ ಅದು ಮಾಡೋ ಆಹಾರದಲ್ಲೇ ಹವಳ ಬಹುಪಾಲು ಬದುಕೋದು, ನೀರು ಕಾದ್ರೆ ಹವಳ ಆ ಪಾಚೀನ ಹೊರಗೆ ಹಾಕಿ ಬೆಳ್ಳಗಾಗುತ್ತೆ, ಲಕ್ಷದ್ವೀಪದ ಸಮುದ್ರದಲ್ಲೇ 1998, 2010, 2016ರಲ್ಲಿ ಹೀಗೆ ಆಗಿದೆ, ಇನ್ನು ನನ್ನ ಇನ್ನೂರು ಲೀಟರ್ ಯಾವ ಲೆಕ್ಕ ಅಂದೆ. ಅದಕ್ಕೆ ಅವರು "ಹಂಗಾದ್ರೆ ಐಸ್ ಕ್ಯೂಬ್ ಹಾಕಿ ಸಾರ್" ಅಂದ್ರು. ಚಿಲ್ಲರ್ ಮಾರೋ ಕಂಪನಿಯ ಸೀನಿಯರ್ ಎಕ್ಸ್‌ಪರ್ಟ್ ಕೊಟ್ಟ ಸಲಹೆ ಇದು. ಉಪ್ಪು 35 ಪಿಪಿಟಿಗೆ, ಅಂದ್ರೆ ಸಾವಿರಕ್ಕೆ 35 ಪಾಲಿಗೆ, ಕೂರಿಸಿರೋ ಟ್ಯಾಂಕಿಗೆ ಬಕೆಟ್ಟುಗಟ್ಟಲೆ ಐಸ್ ಸುರಿದ್ರೆ ಉಪ್ಪಿನಂಶ ಏನಾಗುತ್ತೆ ಸಾರ್ ಅಂತ ಕೇಳಿದ್ದಕ್ಕೆ, "ಮೇಲಿಂದ ಸ್ವಲ್ಪ ಉಪ್ಪು ಉದುರಿಸಿ." ಯಾವ ಉಪ್ಪು ಅಂತ ನಾನು ಕೇಳಲಿಲ್ಲ, ಅಡುಗೆ ಉಪ್ಪು ಅಂದುಬಿಟ್ರೆ ಕಷ್ಟ ಅಂತ. ಅಷ್ಟಕ್ಕೇ ಬಿಡ್ಲಿಲ್ಲ, "ಮಂಗಳೂರು ನಿಮಗೆ ಹತ್ರಾನೇ ಅಲ್ವಾ, ಶಿರಾಡಿ ಇಳಿದ್ರೆ ಆಯ್ತು, ಫ್ರೆಶ್ ಸಮುದ್ರದ ನೀರು ತಂದು ಹಾಕಿಬಿಡಿ, ಎಲ್ಲಾ ಸರಿಹೋಗುತ್ತೆ" ಅಂದ್ರು. ಕೊನೆಗೆ ಇಷ್ಟು ದೊಡ್ಡ ಮನುಷ್ಯರು ಇಷ್ಟು ಹಠ ಮಾಡಬಾರದು ಅನ್ನೋ ಧಾಟೀಲಿ, "ಸಾರ್, ಹಾಬಿಗೆ ಇಷ್ಟು ಟೆನ್ಶನ್ ತಗೋಬೇಡಿ, ಬಿಪಿ ಜಾಸ್ತಿ ಆಗುತ್ತೆ" ಅಂತ ಹೇಳಿ ಕಾಲ್ ಕಟ್ ಮಾಡಿದ್ರು. ಸ್ಪೀಕರ್ ಆನ್ ಇತ್ತು. ಪಕ್ಕದಲ್ಲಿ ನನ್ನ ಮಗಳು, ಅವಳ ಫ್ರೆಂಡ್ಸು, ಮತ್ತೆ ಮೊದಲಿಂದಲೂ "ಈ ಉಪ್ಪುನೀರಿನ ಹುಚ್ಚು ನಿಮಗ್ಯಾಕೆ ಭಾವ" ಅಂತಿರೋ ನನ್ನ ಹೆಂಡತಿ ತಮ್ಮ, ಎಲ್ಲಾ ಕೇಳಿಸ್ಕೊಂಡ್ರು. ಬಿಪಿ ವಿಷಯ ಈಗ ಮನೇಲಿ ದಿನಾ ಬರುತ್ತೆ.

ನಿಮ್ಮ ಮೆಷಿನ್ನಿಂದ ಆಗಿರೋ ನಷ್ಟ ಕೇಳಿ. ಕ್ಸೀನಿಯಾ ಅನ್ನೋ ಮೆತ್ತನೆ ಹವಳ ಮೊದಲು ಹೋಯ್ತು. ಹಗಲೆಲ್ಲಾ ಪುಟ್ಟ ಪುಟ್ಟ ಕೈ ಮುಚ್ಚಿ ಬಿಚ್ಚಿ ಮಾಡ್ತಿದ್ದದ್ದು ಒಂದು ಮಧ್ಯಾಹ್ನ ಅಲ್ಲಾಡೋದು ನಿಲ್ಸಿ ಬಾಗ್ತು, ಮಾರನೇ ದಿನ ಲೋಳೆ. ಝೋವಾ ಅಂತ ಹೂವಿನ ಥರ ತೆರೆಯೋದು ಇನ್ನೊಂದಿದೆ, ಅದರ ಗುಂಪಲ್ಲಿ ಅರ್ಧ ತೆರೀತಾ ಇಲ್ಲ. ಮಶ್ರೂಮ್ ಕೋರಲ್ ಬಣ್ಣ ಪೂರ್ತಿ ಹೋಗಿ ಅನ್ನದ ಗಂಜಿ ಥರ ಆಗಿದೆ, ಸತ್ತಿಲ್ಲ, ಪಾಚಿ ಮತ್ತೆ ಸೇರ್ಕೊಂಡ್ರೆ ಚೇತರಿಸ್ಕೊಬಹುದು ಅಂತ ಲೈಟ್ ಕಮ್ಮಿ ಮಾಡಿ ಇಟ್ಟಿದ್ದೀನಿ. ಟೋಡ್‌ಸ್ಟೂಲ್ ಲೆದರ್ ಕೋರಲ್ ಒಂದು ಹೇಗೋ ತಡ್ಕೊಂಡಿದೆ. ನೀರಿನ ಮೇಲೆ ಟೇಬಲ್ ಫ್ಯಾನ್ ಹಾಕಿದ್ದೀನಿ, ನೀರು ಆವಿಯಾದಷ್ಟೂ ತಂಪಾಗುತ್ತೆ ನಿಜ, ಆದ್ರೆ ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ, ಅದಕ್ಕೆ ದಿನಾ ಆರ್‌ಓ ನೀರು ಟಾಪ್‌ಅಪ್ ಮಾಡ್ತಾ ಕೂರಬೇಕು. ಫ್ರೀಜರಲ್ಲಿ ಐಸ್‌ಕ್ರೀಮ್ ಇಡೋಕೆ ಜಾಗ ಇಲ್ಲ, ಪೂರ್ತಿ ನೀರಿನ ಬಾಟ್ಲಿ, ಅದನ್ನ ಮುಚ್ಚಳ ಬಿಗಿ ಮಾಡಿ ಸಂಪಲ್ಲಿ, ಅಂದ್ರೆ ಅಕ್ವೇರಿಯಂಗೆ ಸೇರಿದ ಫಿಲ್ಟರ್ ತೊಟ್ಟೀಲಿ, ತೇಲಿಸ್ತೀನಿ. ರಾತ್ರಿ ಇಳಿಯುತ್ತೆ, ಮಧ್ಯಾಹ್ನ ಏರುತ್ತೆ. ಆ ಏರಿಳಿತ ತಪ್ಪಿಸೋಕೆ ಅಂತಾನೇ ನಲವತ್ತು ಸಾವಿರದ ಹತ್ರ ಕೊಟ್ಟು ನಿಮ್ಮ ಡಬ್ಬ ತಗೊಂಡಿದ್ದು.

ಇನ್ನೊಂದು ವಿಷಯ. ಟಿಕೆಟ್ ಕ್ಲೋಸ್ ಆದಮೇಲೆ ನಿಮ್ಮ ಸೇಲ್ಸ್‌ನವರು ವಾಟ್ಸಾಪಲ್ಲಿ ಸಮಾಧಾನ ಮಾಡೋಕೆ ಬಂದ್ರು. "ಹೋಗಿದ್ದು ಹೋಯ್ತು ಸಾರ್, ಲೈವ್ ಬ್ರೈನ್ ಕೋರಲ್ ಬಂದಿದೆ, ನಿಮಗೆ ಸ್ಪೆಷಲ್ ರೇಟ್" ಅಂತ ಫೋಟೋ ಸಮೇತ. ಬ್ರೈನ್ ಕೋರಲ್ ಗಟ್ಟಿ ಹವಳ. ಗಟ್ಟಿ ಹವಳ ಎಲ್ಲಾನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಷೆಡ್ಯೂಲ್ ಒಂದರಲ್ಲಿದೆ, ಹುಲಿ ಇರೋ ಷೆಡ್ಯೂಲಲ್ಲೇ. ಅದಕ್ಕೇ ನನ್ನ ಟ್ಯಾಂಕಲ್ಲಿ ಇರೋದೆಲ್ಲಾ ಮೆತ್ತನೆಯದು. ಇಷ್ಟು ದಿನ ಕಲ್ಲು ಅಂತ ವಾದ ಮಾಡಿದ ಕಂಪನಿ, ಮಾರೋಕೆ ಬಂದಾಗ ಲೈವ್ ಅಂತ ಬರ್ಕೊಂಡಿದೆ, ಸಂತೋಷ. ಸ್ಕ್ರೀನ್‌ಶಾಟ್, ನಂಬರ್, ಟೈಮು ಎಲ್ಲಾ ಜೋಪಾನವಾಗಿದೆ.

ಹೊಸ ಚಿಲ್ಲರ್ ಕೊಡ್ತೀರೋ, ಹಣ ವಾಪಸ್ ಹಾಕ್ತೀರೋ, ನಿಮಗೆ ಬಿಟ್ಟಿದ್ದು, ನಿಜ ಹೇಳ್ಬೇಕು ಅಂದ್ರೆ ನನಗೆ ಈಗ ಅದರ ಮೇಲೆ ಅಷ್ಟು ಆಸಕ್ತಿನೂ ಉಳಿದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರೋ ಊರಲ್ಲೇ ಕೇಸ್ ಹಾಕಬಹುದು, ಐದು ಲಕ್ಷದೊಳಗಿನ ಖರೀದಿಗೆ ಫೀಸೂ ಇಲ್ಲ, ಹಾಗಾಗಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನೀವೇ ಬರಬೇಕಾಗುತ್ತೆ, ದಯವಿಟ್ಟು ಆ ಸೀನಿಯರ್ ಎಕ್ಸ್‌ಪರ್ಟ್ ಅವರನ್ನೇ ಕಳಿಸಿ, ಐಸ್ ಕ್ಯೂಬ್ ವಿಷಯ ಅಲ್ಲಿ ಅವರ ಬಾಯಲ್ಲೇ ಹೇಳ್ಸೋಣ. ಬರೋ ಸೋಮವಾರದೊಳಗೆ ಪಿಕಪ್‌ಗೆ ಗಾಡಿ ಬರದಿದ್ರೆ ಬ್ರೈನ್ ಕೋರಲ್ ಸ್ಕ್ರೀನ್‌ಶಾಟು ಅರಣ್ಯ ಇಲಾಖೆಗೆ ಹೋಗುತ್ತೆ. ಗಾಡಿ ಬಂದ್ರೂ ಹೋಗುತ್ತೆ, ಒಂದು ದಿನ ತಡವಾಗಿ.

ಇತಿ,
ಬಿಪಿ ನಾರ್ಮಲ್ ಇರೋ ನಿಮ್ಮ ಹಾಸನದ ಗ್ರಾಹಕ