ಕಾಲು ತೆಗೆದ ಮೇಲೂ ಪಾದ ಉರಿಯುತ್ತದೆ: ಡಿಸ್ಚಾರ್ಜ್‌ಗೆ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಗ್ಯಾಂಗ್ರಿನ್‌ನಿಂದಲೋ ಅಪಘಾತದಿಂದಲೋ ಕಾಲು ಕಳೆದುಕೊಂಡವರು ಮನೆಗೆ ಹೊರಡುವಾಗ ಕೈಗೆ ಬರುವ ಡಿಸ್ಚಾರ್ಜ್ ಚೀಟಿಯಲ್ಲಿ ಡ್ರೆಸ್ಸಿಂಗ್ ಯಾವಾಗ, ಇನ್ಸುಲಿನ್ ಎಷ್ಟು, ಹೊಲಿಗೆ ಬಿಚ್ಚುವುದು ಎಂದು ಎಲ್ಲವೂ ಇರುತ್ತದೆ. ಇಲ್ಲದ ಪಾದ ಉರಿಯಬಹುದು, ಇಲ್ಲದ ಹೆಬ್ಬೆರಳು ತುರಿಸಬಹುದು ಎಂಬ ಒಂದು ಸಾಲು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅಂಗ ಇನ್ನೂ ಇದೆ ಎಂಬ ಅನುಭವ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ನೋವಾಗಿ ಕಾಡುತ್ತದೆ. ಬಹಳಷ್ಟು ಸಲ ಅದು ಶುರುವಾಗುವುದು ಮೊದಲ ವಾರದಲ್ಲೇ, ರೋಗಿ ಇನ್ನೂ ವಾರ್ಡಿನಲ್ಲಿರುವಾಗ. ಯಾರೂ ಕೇಳುವುದಿಲ್ಲ, ತಲೆ ಕೆಟ್ಟಿದೆ ಅಂದಾರು ಎಂದು ರೋಗಿಯೂ ಬಾಯಿ ಬಿಡುವುದಿಲ್ಲ. ಆಮೇಲೆ ಊರಿನಲ್ಲಿ ಯಂತ್ರ ಕಟ್ಟಿಸುವ ಮಾತು ಬರುತ್ತದೆ.

ಇದು ಯಾಕಾಗುತ್ತದೆ ಎಂಬುದರ ಬಗ್ಗೆ ನಮ್ಮಂಥ ವೃತ್ತಿಯವರೂ ಒಂದು ಹಳೆಯ ಪಾಠವನ್ನು ಇನ್ನೂ ಒಪ್ಪಿಸುತ್ತಿದ್ದೇವೆ. ಮಿದುಳಿನಲ್ಲಿ ಕೈಯ ಜಾಗ ಖಾಲಿಯಾದರೆ ಪಕ್ಕದ ಮುಖದ ಜಾಗ ಅದನ್ನು ಒತ್ತುವರಿ ಮಾಡಿಕೊಳ್ಳುತ್ತದೆ, ನೋವು ಅದರ ಫಲ ಎಂಬುದು ಆ ಪಾಠ. 1991ರಲ್ಲಿ ಮಂಗಗಳ ಮೇಲಿನ ಅಧ್ಯಯನ ಮತ್ತು ಅದರ ಬೆನ್ನಿಗೇ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು ಕೈ ಕಳೆದುಕೊಂಡವರ ಕೆನ್ನೆ ಮುಟ್ಟಿದಾಗ ಇಲ್ಲದ ಕೈ ಮುಟ್ಟಿದಂತೆ ಅನಿಸುತ್ತದೆಂದು ಕಂಡುಕೊಂಡ ಪರೀಕ್ಷೆಗಳು ಇದಕ್ಕೆ ಬಲ ಕೊಟ್ಟಿದ್ದವು. ಆದರೆ 2025ರಲ್ಲಿ ‘ನೇಚರ್ ನ್ಯೂರೋಸೈನ್ಸ್’ ಎಂಬ ವಿಜ್ಞಾನ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ, ಮೂವರ ಮಿದುಳನ್ನು ಕೈ ತೆಗೆಯುವ ಮೊದಲೂ ತೆಗೆದ ಮೇಲೂ ಸ್ಕ್ಯಾನ್ ಮಾಡಿ ಹೋಲಿಸಿದಾಗ, ಕೈಯ ನಕ್ಷೆ ಬಹುತೇಕ ಇದ್ದ ಹಾಗೇ ಇತ್ತು. ಒಬ್ಬರಲ್ಲಂತೂ ಐದು ವರ್ಷದ ನಂತರವೂ. ಮೂವರೇ ಎಂದು ತಳ್ಳಿಹಾಕುವಂತಿಲ್ಲ. ಒಬ್ಬರದೇ ಮಿದುಳನ್ನು ಮೊದಲು, ನಂತರ ನೋಡಿದ್ದು ಅದರ ಬಲ. ‘ನಿಮ್ಮ ಮಿದುಳಿನ ವೈರಿಂಗೇ ಬದಲಾಗಿದೆ’ ಎಂದು ರೋಗಿಯನ್ನು ಹೆದರಿಸುವುದನ್ನು ಇನ್ನಾದರೂ ಬಿಡೋಣ. ಹಾಗೆ ಹೇಳುವುದರಿಂದ ಇನ್ನೊಂದು ನಷ್ಟವೂ ಇದೆ: ಸ್ಟಂಪನ್ನೇ, ಅಂದರೆ ಕತ್ತರಿಸಿ ಉಳಿದ ಮೋಟು ಭಾಗವನ್ನೇ, ಯಾರೂ ಸರಿಯಾಗಿ ಮುಟ್ಟಿ ನೋಡುವುದಿಲ್ಲ.

ಕತ್ತರಿಸಿದ ನರದ ತುದಿ ಮತ್ತೆ ಚಿಗುರಲು ಹೋಗಿ, ದಾರಿ ಸಿಗದೆ ಗಂಟು ಕಟ್ಟಿಕೊಳ್ಳುತ್ತದೆ. ಅದೇ ನ್ಯೂರೋಮಾ. ಬೆರಳ ತುದಿಯಿಂದ ಸ್ಟಂಪಿನ ಮೇಲೆ ಸಾಲಾಗಿ ಮೆಲ್ಲಗೆ ತಟ್ಟುತ್ತಾ ಹೋದರೆ ಒಂದು ಬಿಂದುವಿನಲ್ಲಿ ‘ಕಿರುಬೆರಳಿಗೆ ಕರೆಂಟ್ ಹೊಡೀತು’ ಎನ್ನುತ್ತಾರೆ. ಆ ಬಿಂದುವಿಗೆ ಪೆನ್ನಿನಿಂದ ಗುರುತು ಹಾಕಿ, ಸಾಕೆಟ್ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲು) ಮಾಡುವವರಿಗೆ ತೋರಿಸಬೇಕು. ಅಲ್ಲಿ ಒತ್ತಡ ಬೀಳದಂತೆ ಅವರು ಜಾಗ ಬಿಡುತ್ತಾರೆ. ತಿಂಗಳುಗಟ್ಟಲೆ ತೆಪ್ಪಗಿದ್ದ ನೋವು ಒಮ್ಮೆಲೇ ಏರಿದರೆ ಹುಣ್ಣು, ಕೀವು, ಸಡಿಲವಾದ ಸಾಕೆಟ್ ಇದೆಯೇ ನೋಡಿ. ಬೆನ್ನಿನ ಡಿಸ್ಕ್ ನರವನ್ನು ಒತ್ತಿದರೂ ನೋವು ಇಲ್ಲದ ಪಾದದಲ್ಲಿ ಕಾಣಿಸಿಕೊಳ್ಳಬಹುದು.

ಗಾಯ ಮಾಗಿ, ಸರ್ಜನ್ ಒಪ್ಪಿದ ಮೇಲೆ ಕ್ರೇಪ್ ಬ್ಯಾಂಡೇಜ್ ಕಟ್ಟಬೇಕು. ಮಂಡಿ ಕೆಳಗಿನದಾದರೆ 4 ಇಂಚಿನದು, ಮೇಲಿನದಾದರೆ 6 ಇಂಚಿನದು. ಇಂಗ್ಲಿಷಿನ ಎಂಟರ ಆಕಾರದಲ್ಲಿ ಓರೆಯಾಗಿ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಬಳೆಯ ಹಾಗೆ ದುಂಡಗೆ ಸುತ್ತಿದರೆ ರಕ್ತ ಕೆಳಗೇ ನಿಂತು ತುದಿ ಊದಿಕೊಳ್ಳುತ್ತದೆ, ನೋವೂ ಹೆಚ್ಚುತ್ತದೆ. ನಾಲ್ಕೈದು ಗಂಟೆಗೊಮ್ಮೆ ಬಿಚ್ಚಿ ಕಟ್ಟಿ. ತುದಿ ನೀಲಿಯಾದರೆ, ಪಟಪಟ ಬಡಿದುಕೊಂಡರೆ ತಕ್ಷಣ ಬಿಚ್ಚಿ; ರಕ್ತ ಓಡಾಟ ಕಡಿಮೆ ಇರುವ ಸಕ್ಕರೆ ಕಾಯಿಲೆಯವರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು.

ಇನ್ನು ಕನ್ನಡಿ ಅಭ್ಯಾಸ: ಇರುವ ಕಾಲಿನ ಬಿಂಬ ಇಲ್ಲದ ಕಾಲಿನ ಜಾಗದಲ್ಲಿ ಕಾಣುವಂತೆ ಕನ್ನಡಿ ಇಟ್ಟು ನೋಡುವುದು. ಇದನ್ನೂ ಬಳಕೆಗೆ ತಂದವರು ರಾಮಚಂದ್ರನ್, 1990ರ ದಶಕದ ನಡುವೆ. ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಮಾಡಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಕನ್ನಡಿ ನೋಡಿದ ಆರು ಮಂದಿಗೂ ನೋವು ಇಳಿದಿತ್ತು, ಕನ್ನಡಿಗೆ ಬಟ್ಟೆ ಮುಚ್ಚಿದ್ದ ಆರರಲ್ಲಿ ಒಬ್ಬರಿಗೆ ಮಾತ್ರ. ನಂತರದ ಅಧ್ಯಯನಗಳ ಫಲ ಇಷ್ಟು ನಿಚ್ಚಳವಾಗಿಲ್ಲ. ಆದರೂ ಖರ್ಚು ಒಂದು ಕನ್ನಡಿಯದ್ದು, ಹಾಗಾಗಿ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಕಾಲಿಗಾದರೆ ಸುಮಾರು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ಕನ್ನಡಿ ಬೇಕು, ಅಂಚಿಗೆ ಟೇಪ್ ಸುತ್ತಿರಲಿ. ಅಗ್ಗದ ಪ್ಲಾಸ್ಟಿಕ್ ಕನ್ನಡಿಯಲ್ಲಿ ಬಿಂಬ ಅಲೆಯಾಡುತ್ತದೆ, ಮನಸ್ಸು ಒಪ್ಪುವುದಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂತು ಎರಡು ತೊಡೆಗಳ ನಡುವೆ ನಿಲ್ಲಿಸಿ. ಸ್ಟಂಪ್ ಪೂರ್ತಿ ಹಿಂದೆ ಮರೆಯಾಗಬೇಕು. ಕಾಲುಂಗುರ, ಗೆಜ್ಜೆ, ಕಪ್ಪು ದಾರ ತೆಗೆದಿಡಿ. ಮೊದಲ ಎರಡು ನಿಮಿಷ ಅಲುಗಾಡದೆ ಬಿಂಬವನ್ನು ನೋಡುವುದು ಅಷ್ಟೇ. ಇಲ್ಲದ ಪಾದ ಮುದುಡಿದಂತೆ ಅನಿಸುತ್ತಿದ್ದರೆ ಇರುವ ಪಾದವನ್ನೂ ಹಾಗೇ ಮುದುಡಿ, ಅಲ್ಲಿಂದ ನಿಧಾನವಾಗಿ ಬಿಡಿಸಿ. ಇಲ್ಲದ್ದನ್ನೂ ಜೊತೆಜೊತೆಗೇ ಬಿಡಿಸುವ ಪ್ರಯತ್ನ ಮಾಡಿ. ಕೆಡುವುದು ಹೆಚ್ಚಾಗಿ ಅವಸರದಿಂದ. ವಾರಕ್ಕೊಮ್ಮೆ ಒಂದು ಗಂಟೆ ಮಾಡಿ ‘ಉಪಯೋಗವಿಲ್ಲ’ ಎನ್ನುವವರೇ ಜಾಸ್ತಿ. ತಲೆ ಸುತ್ತಿದರೆ, ಅಳು ಬಂದರೆ, ನೋವು ಏರಿದರೆ ನಿಲ್ಲಿಸಿ; ಮರುದಿನ ಐದು ನಿಮಿಷ ಸಾಕು.

ಮಾತ್ರೆಯ ವಿಷಯದಲ್ಲಿ ಒಂದೆರಡೇ ಮಾತು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ಈ ನೋವಿಗೆ ಅಷ್ಟಾಗಿ ನಾಟುವುದಿಲ್ಲ, ಶುಗರ್ ಇರುವವರ ಕಿಡ್ನಿಗಂತೂ ಪೆಟ್ಟು. ನರನೋವಿಗೆ ವೈದ್ಯರು ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳ ಪ್ರಮಾಣವನ್ನೂ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುವ ರಕ್ತಪರೀಕ್ಷೆ) ನೋಡಿಯೇ ನಿರ್ಧರಿಸಬೇಕು, ಒಮ್ಮೆಲೇ ನಿಲ್ಲಿಸಬಾರದು. ಅವುಗಳಿಂದ ಮಂಪರು ಬರುತ್ತದೆ. ರಾತ್ರಿ ಮೂತ್ರಕ್ಕೆ ಎದ್ದವರು ಕಾಲು ಇದೆಯೆಂದೇ ನೆಲಕ್ಕೆ ಇಳಿಸಿ ಬೀಳುವುದುಂಟು, ಹೊಲಿಗೆ ಬಿಟ್ಟುಕೊಳ್ಳುವುದು ಹೀಗೆ. ಊರುಗೋಲು ಮಂಚಕ್ಕೆ ಒರಗಿಯೇ ಇರಲಿ, ಪಾಟ್ ಕೈಗೆಟುಕುವಲ್ಲಿ ಇರಲಿ.

ಇಷ್ಟನ್ನು ಕನ್ನಡದ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಡಿಸ್ಚಾರ್ಜ್ ಚೀಟಿಗೆ ಪಿನ್ ಮಾಡುವಂತೆ ಆರೋಗ್ಯ ಇಲಾಖೆ ಎಲ್ಲ ಜಿಲ್ಲಾಸ್ಪತ್ರೆಗಳಿಗೆ ಸೂಚಿಸಬೇಕು. ಅದಕ್ಕೂ ಮೊದಲು, ಆಪರೇಷನ್ನಿನ ಒಪ್ಪಿಗೆಗೆ ಸಹಿ ಹಾಕಿಸುವ ಹೊತ್ತಿನಲ್ಲೇ ಸರ್ಜನ್ನರು ಈ ನೋವಿನ ಬಗ್ಗೆ ಬಾಯಿಮಾತಿನಲ್ಲಿ ಹೇಳಲಿ, ಮನೆಯವರ ಎದುರಿಗೇ ಹೇಳಲಿ.

ಫಿಸಿಯೋಥೆರಪಿಸ್ಟರು ಮತ್ತು ಕೃತಕ ಕಾಲು ತಯಾರಕರ ಬಳಗ, ಹುಬ್ಬಳ್ಳಿ