ಹುಟ್ಟು ಇಲ್ಲದೆ ಹೊಳೆಗೆ ಇಳಿಯಬೇಡ

ಹುಬ್ಬಳ್ಳಿ

ಚಿರಂಜೀವಿ ತಮ್ಮಾ,

ನಿನ್ನ ಕಾಕಾನ ಆಶೀರ್ವಾದಗಳು.

ಪತ್ರ ಬಂತು. ಮನೆಯ ಸುದ್ದಿ ಎಲ್ಲಾ ವೈನಿ ಫೋನಿನಲ್ಲಿ ಹೇಳಿದ್ದಾರೆ, ಅದನ್ನು ಮತ್ತೆ ಬರೆಯುವುದಿಲ್ಲ. ಅಣ್ಣನ ವಿಷಯವೂ ಈಗ ಬೇಡ. ದೋಣಿಯ ಹಳೆಯ ಮೋಟಾರ್ ಯಾಕೆ ಚಾಲೂ ಆಗುತ್ತಿಲ್ಲ ಅಂತ ನೀನು ಕೇಳಿದ್ದೀಯ. ಆದರೆ ನನ್ನ ನಿದ್ದೆ ಕೆಡಿಸಿದ್ದು ನಡುವೆ ನೀನು ಬರೆದ ಸಾಲು. "ನಡುಹೊಳೆಯಲ್ಲಿ ಬಂದ್ ಬಿತ್ತು. ಹುಟ್ಟು ಮನೆಯಲ್ಲೇ ಇತ್ತು. ನಿಂತು ಹಗ್ಗ ಎಳೆಯುತ್ತಾ ಬ್ಯಾರೇಜ್ ಕಡೆ ತೇಲಿದೆ, ಆಮೇಲೆ ತಾನೇ ಹತ್ತಿಕೊಂಡಿತು." ಇಷ್ಟು ಬರೆದು ಮುಂದಿನ ಸಾಲಿಗೆ ಕಾರ್ಬೊರೇಟರ್ ಮಾತಿಗೆ ಹೋಗಿದ್ದೀಯ.

ತಾನೇ ಹತ್ತಿಕೊಂಡಿತು, ಸರಿ. ಹತ್ತಿಕೊಳ್ಳದೇ ಇದ್ದಿದ್ದರೆ? ಹಮ್ಮಿಗಿ ಬ್ಯಾರೇಜಿನಲ್ಲಿ ಆ ಹೊತ್ತಿಗೆ ಗೇಟು ಎತ್ತಿದ್ದರೆ? ಬ್ಯಾರೇಜ್ ಹಿಂದಿನ ನೀರು ನೋಡಲು ಸುಮ್ನೆ ನಿಂತಿರುತ್ತದೆ. ಗೇಟಿನ ಹತ್ತಿರ ಹೋದಾಗಲೇ ಸೆಳವು ಗೊತ್ತಾಗುವುದು. ಅಷ್ಟೊತ್ತಿಗೆ ಕೈಯಲ್ಲಿ ಹುಟ್ಟು ಇದ್ದರೂ ಕಷ್ಟ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಗಾಜನೂರಿನ ಡ್ಯಾಮಿನಿಂದ ತುಂಗೆಗೆ, ಲಕ್ಕವಳ್ಳಿಯ ಡ್ಯಾಮಿನಿಂದ ಭದ್ರೆಗೆ ನೀರು ಬಿಟ್ಟರೆ ನಮ್ಮ ತುಂಗಭದ್ರಾ ಹೊಳೆ ಏರುತ್ತದೆ. ಮುಂಡರಗಿಯ ಬಿಸಿಲಿನಲ್ಲಿ ನಿಂತವನಿಗೆ ಮಲೆನಾಡಿನ ಮಳೆ ಕಾಣುವುದಿಲ್ಲ. ಹೊಳೆ ದಂಡೆಯ ಮೇಲೆ ಬೆಳೆದವನಿಗೆ ಇದೆಲ್ಲ ಹೇಳಬೇಕಾಗಿಲ್ಲ. ಆದರೂ ಹೇಳದೆ ಇರಲಾರೆ.

ಮೋಟಾರಿನ ಮಾತಿಗೆ ಬರುತ್ತೇನೆ. ಕೈಯಿಂದ ಮುಟ್ಟದೆ ಮಷಿನ್ ಬಗ್ಗೆ ಹೇಳುವುದು ನನಗೆ ಸರಿ ಅನ್ನಿಸುವುದಿಲ್ಲ, ಆದ್ದರಿಂದ ಇದನ್ನು ಒಂದು ಊಹೆ ಅಂತಲೇ ತಿಳಿ. ಸ್ವಲ್ಪ ಹೊತ್ತು ಓಡಿ ಸೊರಗಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಹತ್ತುತ್ತದೆ ಅಂತ ಬರೆದಿದ್ದೀಯ. ಹಾಗಿದ್ದರೆ ಮೊದಲು ಪೆಟ್ರೋಲ್ ಟಾಕಿಯ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ನೋಡು. ಅದು ಬಿಗಿಯಾಗಿದ್ದರೆ ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರುವುದಿಲ್ಲ. ಟಾಕಿಯೇ ಪೆಟ್ರೋಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಎಲ್ಲಿಂದಲೋ ನುಸುಳಿ ಮತ್ತೆ ಹರಿಯುತ್ತದೆ. ಮೋಟಾರ್ ನಿಂತ ಕೂಡಲೇ ಮುಚ್ಚಳ ಸಡಿಲ ಮಾಡು. ಸುಯ್ ಅಂತ ಗಾಳಿ ಒಳಗೆ ಹೋದರೆ ದೋಷ ಅಲ್ಲೇ ಇದೆ. ಪೈಪಿನ ನಡುವೆ ಇರುವ ರಬ್ಬರ್ ಗುಂಡನ್ನೂ ಒತ್ತಿ ನೋಡು. ಅದು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಟಾಕಿಯ ಕಡೆ ತಡೆ ಇದೆ. ಗುಂಡು ಗಟ್ಟಿಯಾಗಿದ್ದೂ ಮೋಟಾರ್ ನಿಂತಿದ್ದರೆ ಕಿಡಿಯ ಕಡೆಯೂ ಹುಡುಕಬೇಕು. ಹಳೆಯ ಕಾಯಿಲ್ ಕೆಲವು ಸಲ ಬಿಸಿಯಾದಾಗ ಕಿಡಿ ಕೊಡುವುದನ್ನು ನಿಲ್ಲಿಸುತ್ತದೆ, ಆರಿದ ಮೇಲೆ ಮತ್ತೆ ಕೊಡುತ್ತದೆ.

ಇದನ್ನೆಲ್ಲ ದಂಡೆಗೆ ಕಟ್ಟಿದ ದೋಣಿಯಲ್ಲಿ ಮಾಡು. ನಡುಹೊಳೆಯಲ್ಲಿ ಬೇಡ.

ಯಾಕೆ ಹೇಳುತ್ತೇನೆ ಅಂದರೆ, ಹಗ್ಗ ಎಳೆಯುವವನ ಕಣ್ಣು ಮೋಟಾರಿನ ಮೇಲೇ ಇರುತ್ತದೆ. ಇನ್ನೊಂದು ಸಲ ಎಳೆದರೆ ಹತ್ತುತ್ತದೆ ಅನ್ನಿಸುತ್ತಲೇ ಇರುತ್ತದೆ. ದೋಣಿ ಎತ್ತ ಹೋಗುತ್ತಿದೆ ಅನ್ನುವ ಪರಿವೆ ಇರುವುದಿಲ್ಲ. ಈ ಹುಚ್ಚು ನನಗೆ ಚೆನ್ನಾಗಿ ಗೊತ್ತು. ಗ್ಯಾರೇಜಿನಲ್ಲಿ ಚಾಲೂ ಆಗದ ಮಷಿನ್ ಮುಂದೆ ಕೂತರೆ ಊಟ ಮರೆಯುತ್ತಿದ್ದೆ, ಕರೆದವರ ದನಿ ಕೇಳಿಸುತ್ತಿರಲಿಲ್ಲ. ನೆಲದ ಮೇಲೆ ಕೂತು ಮೈಮರೆತರೆ ರೊಟ್ಟಿ ಆರುತ್ತದೆ, ಅಷ್ಟೇ. ಹೊಳೆಯ ಮೇಲೆ ಹಾಗಲ್ಲ ತಮ್ಮಾ.

ಮೋಟಾರ್ ನಿಂತರೆ ನಿನ್ನ ಕೈ ಮೊದಲು ಹೋಗಬೇಕಾದದ್ದು ಲಂಗರಿಗೆ. ದೋಣಿಯ ಮುಂದಿನ ತುದಿಗೆ ಉದ್ದನೆಯ ಹಗ್ಗ ಕಟ್ಟಿ ಲಂಗರು ಇಟ್ಟಿರು. ಹಿಂದೆ ಮೋಟಾರ್ ಕಡೆಯಿಂದ ಬಿಡಬೇಡ, ಸೆಳವು ಜಾಸ್ತಿ ಇದ್ದರೆ ನೀರು ಹಿಂದಿನಿಂದ ಒಳಗೆ ನುಗ್ಗುತ್ತದೆ. ಲಂಗರು ಕಚ್ಚಲಿಲ್ಲ ಅಂದರೆ ಹುಟ್ಟು ಹಾಕಿ ದಂಡೆಗೆ ಬಾ. ಮೋಟಾರ್ ಆಮೇಲೆ ನೋಡಿದರಾಯಿತು.

ನಮ್ಮ ಅಪ್ಪ, ಅಂದರೆ ನಿನ್ನ ಅಜ್ಜ, ಹರಿಗೋಲು ಹಾಕುತ್ತಿದ್ದ ಕಾಲದಲ್ಲಿ ಈ ಬ್ಯಾರೇಜ್ ಇರಲಿಲ್ಲ. ಹಡಗಲಿ ಕಡೆಯ ದಂಡೆಗೆ ಹೋಗುವವರು, ಭರತ ಹುಣ್ಣಿಮೆಗೆ ಮೈಲಾರಕ್ಕೆ ಹೊರಟವರು, ಕುರಿಮರಿ ಹೊತ್ತವರು, ಎಲ್ಲರನ್ನೂ ದಾಟಿಸುತ್ತಿದ್ದ. ಒಂದು ಹುಟ್ಟು ಕೈಯಲ್ಲಿ, ಇನ್ನೊಂದು ಕಾಲಡಿಯಲ್ಲಿ. ಎರಡನೆಯದನ್ನು ಅವನು ಬಳಸಿದ್ದನ್ನು ನಾನು ನೋಡಲೇ ಇಲ್ಲ. ಆದರೂ ಅದಿಲ್ಲದೆ ಹೊಳೆಗೆ ಕಾಲಿಡುತ್ತಿರಲಿಲ್ಲ. ನಾನು ಮಷಿನ್ ಹುಚ್ಚಿಗೆ ಹುಬ್ಬಳ್ಳಿಗೆ ಬಂದೆ. ಬೇಡ ಅಂತ ಅವನು ಹೇಳಲಿಲ್ಲ. ಹುಟ್ಟು ಹಿಡಿಯಲಾರದಷ್ಟು ಅವನ ತೋಳು ಸೋತಾಗ ನಾನು ಇಲ್ಲಿ ಯಾರದೋ ಪಂಪ್‌ಸೆಟ್ ಬಿಚ್ಚುತ್ತಾ ಕೂತಿದ್ದೆ. ಒಂದು ಮಳೆಗಾಲ ಅವನ ಜೊತೆ ಹರಿಗೋಲಿನಲ್ಲಿ ಕೂರಬೇಕಿತ್ತು ಅಂತ ಈಗ ಅನ್ನಿಸುತ್ತದೆ. ನೀರನ್ನು ಅವನು ಹೇಗೆ ಓದುತ್ತಿದ್ದ ಅನ್ನುವುದು ಅಣ್ಣನಿಗೂ ನನಗೂ ಬರಲಿಲ್ಲ, ನಿನಗೂ ಬರಲಿಲ್ಲ.

ಎಲ್ಲಿಗೋ ಹೋದೆ. ಈಗ ದಂಡೆಯಲ್ಲೂ ಹತ್ತುತ್ತಿಲ್ಲ ಅಂದಿದ್ದೀಯಲ್ಲ, ಪೆಟ್ರೋಲ್ ಎಷ್ಟು ಹಳೆಯದು? ತಿಂಗಳುಗಟ್ಟಲೆ ಟಾಕಿಯಲ್ಲಿ ಇದ್ದರೆ ಅದನ್ನು ತೆಗೆದುಬಿಡು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟಿನವರೆಗೂ ಎಥೆನಾಲ್ ಇರುತ್ತದೆ. ಕಬ್ಬು, ಗೋವಿನಜೋಳದಿಂದ ಮಾಡುತ್ತಾರೆ, ನಮ್ಮ ರೈತರಿಗೆ ಒಳ್ಳೆಯದೇ. ಆದರೆ ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನೂ ಕೆಡಿಸುತ್ತದೆ. ಹೊಳೆಯ ಥಂಡಿಯಲ್ಲಿ ಅರ್ಧ ಖಾಲಿ ಟಾಕಿ ಇಟ್ಟರೆ ತಳದಲ್ಲಿ ನೀರು ಕೂರುತ್ತದೆ. ಕಾರ್ಬೊರೇಟರ್ ಬೌಲಿನಿಂದ ಸ್ವಲ್ಪ ಗಾಜಿನ ಬಾಟಲಿಗೆ ಹಿಡಿದು ಇಡು. ಕೆಳಗೆ ಬೇರೆ ಪದರ ಕಂಡರೆ ಅದೇ ಕಾರಣ. ಜೆಟ್‌ಗೆ, ಅಂದರೆ ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ತಂತಿ ಹಾಕಬೇಡ, ತೂತು ದೊಡ್ಡದಾಗುತ್ತದೆ. ಗಾಳಿ ಹೊಡೆದು ತೊಳೆ. ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್ ಅಳತೆ 50ಕ್ಕೆ 1 ಇದ್ದರೆ ಲೀಟರಿಗೆ 20 ಎಂ.ಎಲ್., 25ಕ್ಕೆ 1 ಇದ್ದರೆ 40. ನಿನ್ನದು ಯಾವುದು ಅಂತ ಮೋಟಾರಿನ ಮೇಲಿನ ಚೀಟಿಯಲ್ಲಿ ಇರಬಹುದು.

ಪ್ಲಗ್ ಬಿಚ್ಚಿದಾಗ ಒದ್ದೆ ಇದ್ದರೆ ಚೋಕ್ ಜಾಸ್ತಿ ಆಗಿರಬಹುದು, ಒರೆಸಿ ಒಣಗಿಸಿ ಹಾಕು. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಿಡಿ ನೋಡುವಾಗ ಪ್ಲಗ್ ಮೋಟಾರಿನ ಲೋಹಕ್ಕೆ ತಾಗಿರಲಿ, ತೂತಿನಿಂದ ದೂರ ಇರಲಿ, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ. ದಂಡೆಯ ಮೇಲೆ ಬರಿದೇ ಓಡಿಸಬೇಡ. ನೀರಿಲ್ಲದೆ ಓಡಿದರೆ ಮೋಟಾರ್ ತಂಪಾಗಿಡಲು ನೀರು ಎಳೆಯುವ ಒಳಗಿನ ರಬ್ಬರ್ ಇಂಪೆಲ್ಲರ್ ಬೇಗ ಸುಟ್ಟುಹೋಗುತ್ತದೆ. ದೊಡ್ಡ ಬ್ಯಾರಲ್ ನೀರಿನಲ್ಲಿ ಇಳಿಸಿ ನೋಡು. ಕರಾವಳಿಯಲ್ಲಿ ಉಪ್ಪು ನೀರಿನಲ್ಲಿ ದುಡಿದ ಮೋಟಾರು ಅದು, ನೀರಿನ ದಾರಿಯಲ್ಲಿ ಉಪ್ಪು ಕಟ್ಟಿರಬಹುದು. ಪಕ್ಕದ ತೂತಿನಿಂದ ನೀರು ಚಿಮ್ಮುತ್ತಿದೆಯೇ ಗಮನಿಸು.

ಅಣ್ಣ ಅದನ್ನು ಹೊನ್ನಾವರದ ಕಡೆಯಿಂದ ತಂದ ದಿನ ಫೋನ್ ಮಾಡಿದ್ದ. ಇಬ್ಬರೂ ಕೂತು ಪೂರ್ತಿ ಬಿಚ್ಚೋಣ ಅಂದಿದ್ದ. ದೀಪಾವಳಿಗೆ, ಆಮೇಲೆ ಯುಗಾದಿಗೆ ಅಂತ ಮಾತು ಮುಂದೆ ಹೋಗುತ್ತಲೇ ಇತ್ತು. ಆ ಮೋಟಾರ್ ಓಡಲಿ ಅಂತ ನಿನಗಿಂತ ನನಗೇ ಆಸೆ ಜಾಸ್ತಿ ಇದೆ. ಅದಕ್ಕೇ ಮಾರಿಬಿಡು ಅಂತ ಬರೆಯಲು ಕೈ ಬರುತ್ತಿಲ್ಲ.

ಆದರೆ ಒಂದು ಮಾತು ಕೊಡು. ಹುಟ್ಟು ಎರಡು, ಲಂಗರು, ಮೈಮೇಲೆ ಲೈಫ್ ಜಾಕೆಟ್, ಇವಿಲ್ಲದೆ ದೋಣಿ ಬಿಚ್ಚುವುದಿಲ್ಲ ಅಂತ. ಈಜು ಬರುತ್ತದೆ ಅನ್ನಬೇಡ, ಗೇಟಿನ ಮುಂದೆ ಯಾರ ಈಜೂ ನಡೆಯುವುದಿಲ್ಲ. ಹಗ್ಗ ಎಳೆಯುವಾಗ ನಿಲ್ಲಬೇಡ, ಕೂತೇ ಎಳೆ, ಕೈಗೆ ಸುತ್ತಿಕೊಳ್ಳಬೇಡ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಮೋಟಾರ್ ಬಂದ್ ಮಾಡುವ ಕೆಂಪು ದಾರ ಇದ್ದರೆ ಓಡಿಸುವಾಗ ನಿನ್ನ ಮೈಗೆ ಸಿಕ್ಕಿಸಿಕೋ, ನೀನು ಬಿದ್ದರೆ ಅದು ನಿಲ್ಲುತ್ತದೆ. ಬ್ಯಾರೇಜ್ ಇರುವ ದಿಕ್ಕಿಗೆ ಸದ್ಯಕ್ಕೆ ಹೋಗಲೇಬೇಡ. ಮೀನು ಮೇಲಿನ ಕಡೆಯೂ ಇವೆ.

ಹಳೆಯ ಪ್ಲಗ್ ಮೇಲಿನ ನಂಬರು, ರಬ್ಬರ್ ಗುಂಡಿನ ಪೈಪಿನ ಅಳತೆ ಬರೆದು ಕಳಿಸು. ಇಲ್ಲಿ ಹುಡುಕಿ ಮುಂಡರಗಿ ಬಸ್ಸಿಗೆ ಕೊಡುತ್ತೇನೆ. ಇಂಪೆಲ್ಲರ್ ಮಾತ್ರ ಕರಾವಳಿಯಿಂದಲೇ ತರಿಸಬೇಕಾದೀತು. ಅಲ್ಲಿಯವರೆಗೆ ಮೋಟಾರ್ ಬ್ಯಾರಲ್‌ನಲ್ಲೇ ಇರಲಿ. ಮೊಣಕಾಲು ಒಪ್ಪಿದರೆ ನಾನೇ ಬರುತ್ತೇನೆ, ವೈನಿಗೆ ಹೇಳಿರು.

ಇಂತಿ ನಿನ್ನ
ಕಾಕಾ